ಮಾನ್ವಿಯಲ್ಲಿ ನಾಲ್ಕನೆಯ ಫೈನಲ್

ಮೂರನೆಯ ಸಲವೂ ಮಾನ್ವಿಯಲ್ಲಿ ಫೈನಲ್ ಸೋತು ರಾಯಚೂರಿಗೆ ಬಂದ ಮರುದಿನ ಬೆಳಿಗ್ಗೆ ಹತ್ತಿ ಮಿಲ್ಲಿನ ಮ್ಯಾನೇಜರ್ ನನ್ನನ್ನು ಕರೆಸಿದರು. ಕೂರಲು ಹೇಳಲಿಲ್ಲ.

"ಮಾಲಕರು ಕೇಳಾಕತ್ತಾರ. ಎಂಟು ಮಂದಿನ್ನ ಬಾಲ್ ಆಡಸಾಕಂತ ಇಟ್ಕೊಂಡೀವಿ. ಮೂರು ವರ್ಷಾತು, ಒಂದು ಕಪ್ಪಿಲ್ಲ. ನಾನೇನು ಹೇಳ್ಲಿ?"

"ಇನ್ನೊಂದು ವರ್ಷ ಕೊಡ್ರಿ ಸಾಹೇಬ್ರ."

"ಕೊಡ್ತೀನಿ. ಗೆದ್ರ ಎಂಟೂ ಮಂದಿನ್ನ ಖಾಯಂ ಮಾಡ್ತೀವಿ. ಸೋತ್ರ ಸೀಜನ್ ಮುಗಿದ ದಿನಾನಽ ಎಲ್ಲಾರ ಹೆಸರೂ ತಗೀತೀವಿ. ಅವ್ರಿಗೆ ನೀವಽ ತಿಳಿಸ್ರಿ."

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕಾಗದದ ಮೇಲೆ ನಾನು ಮಿಲ್ಲಿನ ಟೈಂಕೀಪರ್. ಸೈರನ್ ಹಾಕಿಸುವುದು, ಹಾಜರಿ ಬರೆಯುವುದು ನನ್ನ ಕೆಲಸ. ಆದರೆ ದೇವದುರ್ಗದ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದ ನನ್ನನ್ನು ಕರೆತಂದದ್ದು ಬ್ಯಾಸ್ಕೆಟ್‌ಬಾಲ್ ತಂಡ ನಡೆಸುವುದಕ್ಕೆ. ಆಗ ಆಟವನ್ನೇ ನಂಬಿದವನಿಗೆ ಅನ್ನ ಸಿಗುವ ದಾರಿ ಅದೊಂದೇ ಇತ್ತು. ರೈಲ್ವೆಯೋ ಬ್ಯಾಂಕೋ ಮಿಲ್ಲೋ ಒಂದು ಕೆಲಸ ಕೊಟ್ಟು, ತಮ್ಮ ಹೆಸರಿನ ಬನಿಯನ್ ತೊಡಿಸಿ ಆಡಿಸಬೇಕು. ನಮ್ಮ ಎಂಟು ಜನ ಬೆಳಗಿನ ಪಾಳಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳ ಹತ್ತಿರ, ಅದನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿನ ಹತ್ತಿರ ದುಡಿದು, ಸಂಜೆ ಗೋದಾಮಿನ ಹಿಂದಿನ ಬಯಲಿನಲ್ಲಿ ಆಡುತ್ತಿದ್ದರು. ಅವರೆಲ್ಲ ಬದಲಿ ಕಾರ್ಮಿಕರು. ಬೇಡವೆಂದ ದಿನ ಗೇಟಿನ ಹೊರಗೆ.

ಮಾನ್ವಿಯವರಿಗೂ ನಮಗೂ ಇದ್ದ ಜಿದ್ದು ನಾನು ಬರುವುದಕ್ಕಿಂತ ಹಳೆಯದು. ಅಲ್ಲಿಯ ತಂಡ ಕಟ್ಟಿದ ಡ್ರಿಲ್ ಮಾಸ್ತರರು ಒಂದು ಕಾಲಕ್ಕೆ ನಮ್ಮ ಮಿಲ್ಲಿನ ತಂಡಕ್ಕೇ ಕ್ಯಾಪ್ಟನ್ ಆಗಿದ್ದವರು. ಒಂದು ಪಂದ್ಯದಲ್ಲಿ ಮೊಣಕಾಲು ಮುರಿಯಿತು. ಆ ಸೀಜನ್ ಮುಗಿಯುವಷ್ಟರಲ್ಲಿ ಹಾಜರಿಯಲ್ಲಿ ಅವರ ಹೆಸರಿರಲಿಲ್ಲ. ಹೆಂಡತಿಯ ಊರಾದ ಮಾನ್ವಿಗೆ ಹೋಗಿ ಶಾಲೆಯಲ್ಲಿ ಕೆಲಸ ಹಿಡಿದರು. ಸಂಜೆ ಬಜಾರದ ತರುಣರನ್ನು ಕೂಡಿಸಿದರು. ಬಟ್ಟೆ ಅಂಗಡಿಯವರ ಮಕ್ಕಳಿಬ್ಬರು, ಒಬ್ಬ ದರ್ಜಿ, ಅಕ್ಕಿ ಗಿರಣಿಯ ಗುಮಾಸ್ತ, ಹಿರೇಕೊಟ್ನೆಕಲ್ಲಿನ ಒಬ್ಬ ರೈತನ ಮಗ. ಎರಡೇ ವರ್ಷಕ್ಕೆ ಅವರು ಮಿಲ್ಲನ್ನು ಸೋಲಿಸಿದರು. ಆಮೇಲೆ ಪ್ರತಿ ಫೈನಲ್ಲಿಗೂ ಮಾನ್ವಿಯ ಅಂಗಡಿಗಳು ಮಧ್ಯಾಹ್ನಕ್ಕೇ ಮುಚ್ಚುತ್ತಿದ್ದವು. ನಮ್ಮ ಕಡೆಯವರು ಎರಡು ಲಾರಿ ತುಂಬಿ ಹೋಗುತ್ತಿದ್ದರು. ನನ್ನ ಮೊದಲ ಫೈನಲ್ ಕಲ್ಲು ತೂರಾಟದಲ್ಲಿ ಮುಗಿಯಿತು, ಎರಡನೆಯದು ಸ್ಕೋರ್ ಬರೆಯುವವರ ಜೊತೆ ಜಗಳದಲ್ಲಿ. ಮೂರನೆಯದರಲ್ಲಿ ಜಗಳಕ್ಕೂ ಆಸ್ಪದವಿರಲಿಲ್ಲ. ಹದಿನಾಲ್ಕು ಅಂಕಗಳಿಂದ ಚೊಕ್ಕವಾಗಿ ಸೋತಿದ್ದೆವು.

ಎಲ್ಲಿ ಸೋಲುತ್ತಿದ್ದೇವೆ ಎಂಬುದು ನನಗೆ ಸ್ವಲ್ಪ ಹೊಳೆದಿತ್ತು. ನಮ್ಮವರು ಚೆಂಡನ್ನು ರಿಂಗಿನ ಹಿಂದಿನ ಹಲಗೆಗೆ ಬಡಿದು ಒಳಗೆ ಹಾಕುವುದರಲ್ಲಿ ಪಳಗಿದವರು. ನಮ್ಮ ಈಗಿನ ಕ್ಯಾಪ್ಟನ್ ಅಂತೂ ಆ ಹೊಡೆತದಲ್ಲಿ ಹತ್ತಕ್ಕೆ ಎಂಟು ಹಾಕುತ್ತಿದ್ದ. ಮಾನ್ವಿಯಲ್ಲಿ ಮಾತ್ರ ಅದೇ ಹೊಡೆತ ರಿಂಗಿನ ಮುಂಚೆಯೇ ಸತ್ತು ಬೀಳುತ್ತಿತ್ತು. ಇದನ್ನು ಹೇಳಿದಾಗ ಮ್ಯಾನೇಜರ್, "ಹಲಗೀನಽ ಖೋಟಾ ಅದ ಅನ್ರಿ ಮತ್ತ," ಎಂದು ಅಲ್ಲೇ ಪಂದ್ಯಾವಳಿ ಸಮಿತಿಗೆ ಒಂದು ಅರ್ಜಿ ಟೈಪ್ ಮಾಡಿಸಿದರು. ನಾನು ಓದದೆ ಸಹಿ ಹಾಕಿದೆ.

ಒಂದು ಭಾನುವಾರ ಟೇಪು ಮತ್ತು ಚೆಂಡನ್ನು ಚೀಲದಲ್ಲಿಟ್ಟುಕೊಂಡು ಮಾನ್ವಿಯ ಬಸ್ಸು ಹತ್ತಿದೆ. ಶಾಲೆಯ ಬಯಲಿನಲ್ಲಿ ಯಾರೂ ಇರಲಿಲ್ಲ. ಬಿದಿರು ಗಳಕ್ಕೆ ಟೇಪು ಕಟ್ಟಿ ರಿಂಗಿನ ಎತ್ತರ ಅಳೆದೆ. ಸರಿಯಾಗಿ ಹತ್ತು ಅಡಿ. ಗೆರೆಗಳೂ ಸರಿ. ಆಮೇಲೆ ಹಲಗೆಗೆ ಚೆಂಡು ಹೊಡೆಯತೊಡಗಿದೆ. ಐದು ಸಾಗುವಾನಿ ಹಲಗೆಗಳನ್ನು ನೆಟ್ಟಗೆ ಜೋಡಿಸಿ ಹಿಂದಿನಿಂದ ಕಬ್ಬಿಣದ ಪಟ್ಟಿ ಬಿಗಿದಿದ್ದರು. ಅಂಚಿನ ಹಲಗೆಗಳಿಗೆ ಬಡಿದರೆ ಚೆಂಡು ಚೆನ್ನಾಗಿ ಪುಟಿಯುತ್ತಿತ್ತು. ನಡುವಿನ ಎರಡು ಹಲಗೆಗಳ ಪಟ್ಟಿ ಸಡಿಲಾಗಿತ್ತು. ಅಲ್ಲಿ ತಾಕಿದರೆ ದಬ್ ಎಂದು ಸದ್ದಾಗಿ ಚೆಂಡು ಕೆಳಗಿಳಿಯುತ್ತಿತ್ತು. ಯಾವ ಹಲಗೆ ಎಷ್ಟು ಪುಟಿಸುತ್ತದೆ ಎಂದು ಬರೆದುಕೊಳ್ಳುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಕದ್ದು ಯಾಕ ಅಳೀತೀರಿ? ಹೇಳಿದ್ರ ನಾನಽ ಟೇಪ್ ಹಿಡೀತಿದ್ದೆ."

ಡ್ರಿಲ್ ಮಾಸ್ತರರು. ನನಗೆ ಮುಖ ಎತ್ತಲಾಗಲಿಲ್ಲ. ಅವರು ಕೋಲೂರಿಕೊಂಡು ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. ಹಲಗೆಯ ಅಗಲ, ದಪ್ಪ, ಸಂದು, ಎಲ್ಲವನ್ನೂ ತಾವೇ ಓದಿ ಹೇಳಿದರು. ಆಮೇಲೆ ಬಜಾರದ ಹಿಂದಿನ ತಮ್ಮ ಮನೆಗೆ ಕರೆದೊಯ್ದು, ಒಳಗಿನವರಿಗೆ ದಖನಿಯಲ್ಲಿ "ದೋ ಚಾಯ್ ಭೇಜೋ" ಎಂದು ಕೂಗಿ, ಕಾಲು ಚಾಚಿ ಕುಳಿತರು.

"ಈ ಸಲ ಏನು ಶರತ್ತು ಹಾಕ್ಯಾರ ನಿಮಗ?"

ಹೇಳಿದೆ.

"ಬರದು ಕೊಟ್ಟಾರೇನು?"

"ಇಲ್ರೀ. ಬಾಯಿಲೆ ಹೇಳ್ಯಾರ."

"ನನಗೂ ಬಾಯಿಲೇನಽ ಹೇಳಿದ್ರು. ಕಾಲು ನೆಟ್ಟಗಾಗೋತನಕ ಮನ್ಯಾಗ ಕುಂದ್ರಿ, ನಿಮ್ಮ ಹೆಸರಿಗೇನೂ ಆಗೂದಿಲ್ಲ ಅಂತ." ಅವರು ಬಟ್ಟಲು ಕೆಳಗಿಟ್ಟರು. "ಬರಸ್ಕೋರಿ."

ಬರೆಸಿಕೊಳ್ಳಬೇಕು ಎಂದುಕೊಂಡೇ ರಾಯಚೂರಿಗೆ ಮರಳಿದೆ. ಮ್ಯಾನೇಜರರ ಮುಂದೆ ನಿಂತಾಗ ಕೇಳುವ ಧೈರ್ಯ ಬರಲಿಲ್ಲ. ಕೇಳಿದರೆ ಕೊಟ್ಟ ಒಂದು ವರ್ಷವನ್ನೂ ಕಿತ್ತುಕೊಂಡಾರು ಎನ್ನಿಸಿತು. ಹಲಗೆಯ ಕೆಲಸವಾದರೂ ನನ್ನ ಕೈಯಲ್ಲಿತ್ತು. ಮಿಲ್ಲಿನ ಬಡಿಗರಿಗೆ ಅಳತೆ ಕೊಟ್ಟು, ಕಿತ್ತು ಹಾಕಿದ್ದ ಹಳೆಯ ಸಾಗುವಾನಿಯಿಂದ ಮಾನ್ವಿಯಂಥದೇ ಹಲಗೆ ಮಾಡಿಸಿದೆ. ನಡುವಿನ ಎರಡನ್ನು ಬೇಕೆಂದೇ ಸಡಿಲ ಬಿಡಿಸಿದೆ. ಬಡಿಗರು ನನ್ನನ್ನು ವಿಚಿತ್ರವಾಗಿ ನೋಡಿದರು.

ಆಟದ ಅಂಗಳದ ಕೆಲಸ ಅದಕ್ಕಿಂತ ದೊಡ್ಡದಾಯಿತು. ನಮ್ಮದು ಎರೆ ಮಣ್ಣು. ಮಳೆ ಬಂದರೆ ಕಾಲಿಗೆ ಮೆತ್ತುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಪಾಳಿ ಮುಗಿದ ಮೇಲೆ ಎಂಟೂ ಜನ ಸಲಿಕೆ ಹಿಡಿದು ಮೊಣಕಾಲು ಆಳ ಎರೆ ತೆಗೆದರು. ಗಟ್ಟಿಯಾದ ಗರಸು ಮಣ್ಣು ತುಂಬಿ, ನೀರು ಹೊಡೆದು, ಕಲ್ಲಿನ ರೋಲರ್ ಎಳೆದೆವು. ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಿದೆವು. ಆ ಮೇಲೆ ಪ್ರತಿ ಸಂಜೆ ಒಬ್ಬೊಬ್ಬನೂ ಗುರುತು ಮಾಡಿದ ಐದು ಜಾಗಗಳಿಂದ ಇಪ್ಪತ್ತಿಪ್ಪತ್ತು ಹೊಡೆತ ಹೊಡೆಯಬೇಕು, ಅಂಚಿನ ಹಲಗೆಗೇ ತಾಕಿಸಬೇಕು. ತಿಂಗಳು ಕಳೆಯುವಷ್ಟರಲ್ಲಿ ಕ್ಯಾಪ್ಟನ್ ನಡುವಿನ ಹಲಗೆಗಳನ್ನು ಮರೆತೇಬಿಟ್ಟಿದ್ದ.

ಆಗ ರೈಲ್ವೆಯಿಂದ ಒಂದು ಕರೆ ಬಂತು. ನನಗಲ್ಲ, ರಿಂಗಿನ ಕೆಳಗೆ ನಿಲ್ಲುತ್ತಿದ್ದ ನಮ್ಮ ಎತ್ತರದ ಆಟಗಾರನಿಗೆ. ಗುಂತಕಲ್ಲಿನಲ್ಲಿ ಖಾಯಂ ಕೆಲಸ, ಅವರ ತಂಡದಲ್ಲಿ ಜಾಗ. ಹೋಗಬೇಡ ಎನ್ನಲು ನನಗೆ ಯಾವ ಬಾಯಿ ಇತ್ತು? ಮ್ಯಾನೇಜರ್ ಮಾತ್ರ, "ಯಾರನ್ನಾರ ತಗೋರಿ. ಎಂಟ್ರ ಮ್ಯಾಲ ಒಂದಿಲ್ಲ," ಎಂದರು.

ನಾಲ್ಕು ದಿನ ಹುಡುಕಿದೆ. ಐದನೆಯ ದಿನ ಮಿಲ್ಲಿನ ಅಂಗಳದಲ್ಲೇ ಕಂಡ. ಅರಕೇರಾದಿಂದ ದುಡಿಯಲು ಬಂದ ಹಮಾಲಿ. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದ ಎತ್ತರ. ಲಾರಿಯ ಮೇಲಿನಿಂದ ಎಸೆದ ಹತ್ತಿಯ ಚೀಲಗಳನ್ನು ನಿಂತ ಹೆಜ್ಜೆ ಕದಲಿಸದೆ ಹಿಡಿಯುತ್ತಿದ್ದ. ನಾನು ಚೆಂಡು ತಂದು ಹೇಳದೆ ಕೇಳದೆ ಅವನತ್ತ ಎಸೆದೆ. ಒಂದೇ ಕೈಯಲ್ಲಿ ಹಿಡಿದು ಕೇಳಿದ:

"ಇದನ್ನ ಎಲ್ಲಿ ಇಡ್ಲಿರಿ ಸಾಹೇಬ್ರ?"

ಗೋದಾಮಿನ ಹಿಂದಕ್ಕೆ ಕರೆದೊಯ್ದು ರಿಂಗು ತೋರಿಸಿದೆ.

ಅವನನ್ನು ತಿದ್ದುವುದು ಸುಲಭವಿರಲಿಲ್ಲ. ಚೆಂಡು ಹಿಡಿದುಕೊಂಡೇ ನಡೆದುಬಿಡುತ್ತಿದ್ದ. ಅದು ತಪ್ಪು ಎಂದರೆ, "ಭಾರ ಹೊತ್ತಾಂವ ನಿಂತ್ರ ಬೆನ್ನು ಹೋಗ್ತದ್ರಿ," ಎನ್ನುತ್ತಿದ್ದ. ಎದೆಮಟ್ಟದಿಂದ ಹೊಡೆಯಲು ಕೈ ಬರಲೇ ಇಲ್ಲ. ಒಂದು ದಿನ ಬೇಸತ್ತು, ನಿನಗೆ ಹೇಗೆ ಬರುತ್ತದೋ ಹಾಗೆ ಹಾಕು ಎಂದೆ. ಎರಡು ಕೈಯಲ್ಲಿ ಚೆಂಡನ್ನು ಮೊಣಕಾಲಿನ ನಡುವೆ ಇಳಿಬಿಟ್ಟು, ಚೀಲ ಮೇಲೆತ್ತುವಂತೆ ತೂಗಿ ಬಿಟ್ಟ. ಹಲಗೆಯನ್ನು ಮುಟ್ಟದೆ ಚೆಂಡು ರಿಂಗಿನೊಳಗೆ ಇಳಿಯಿತು. ಉಳಿದವರು ನಕ್ಕರು. ಹತ್ತು ಹಾಕಿಸಿದೆ. ಏಳು ಒಳಗೆ ಹೋದವು. ಅದನ್ನು ತಿದ್ದಬಾರದೆಂದು ಅಂದೇ ತೀರ್ಮಾನಿಸಿದೆ.

ಭಾನುವಾರಗಳಂದು ದೇವದುರ್ಗದ ಕಡೆಗೆ ಹತ್ತಿ ತರಲು ಹೋಗುವ ಮಿಲ್ಲಿನ ಲಾರಿ ನಮ್ಮನ್ನು ಹೊಳೆದಂಡೆಯ ಊರು ಗೂಗಲ್ಲಿನಲ್ಲಿ ಇಳಿಸುತ್ತಿತ್ತು. ಕೃಷ್ಣೆಯಲ್ಲಿ ನೀರು ಇಳಿದು ಮರಳು ಹಾಸಿಕೊಂಡಿರುವ ಕಾಲ. ಆ ಮರಳಿನಲ್ಲಿ ಓಡಿಸುತ್ತಿದ್ದೆ. ಚೆಂಡು ನೆಲಕ್ಕೆ ಬೀಳದಂತೆ ಒಬ್ಬರಿಂದೊಬ್ಬರಿಗೆ ಕೊಡುತ್ತ ಅರ್ಧ ಮೈಲು ಹೋಗಿ ಬರಬೇಕು, ಬಿದ್ದರೆ ಮೊದಲಿನಿಂದ. ಮೊದಲ ವಾರ ಇಬ್ಬರು ವಾಂತಿ ಮಾಡಿಕೊಂಡರು. ನಾಲ್ಕನೆಯ ವಾರ ಯಾರೂ ಕೂರಲಿಲ್ಲ. ಹೊಳೆಯಲ್ಲಿ ಮಿಂದು, ಅಲ್ಲಮಪ್ರಭುವಿನ ಗುಡಿಯ ನೆರಳಿನಲ್ಲಿ ರೊಟ್ಟಿ ತಿಂದು, ತುಂಬಿ ಬಂದ ಲಾರಿಯ ಹತ್ತಿಯ ಮೇಲೆ ಕುಳಿತು ಮರಳುತ್ತಿದ್ದೆವು.

ಹಾಗೆ ಒಮ್ಮೆ ಮರಳುವಾಗ ಕ್ಯಾಪ್ಟನ್ ನನ್ನ ಪಕ್ಕಕ್ಕೆ ಸರಿದ. ಅವನು ಪ್ರೆಸ್ಸಿನ ಕೆಲಸಗಾರ, ಎರಡು ಮಕ್ಕಳ ತಂದೆ, ತಂಡದಲ್ಲಿ ಎಲ್ಲರಿಗಿಂತ ಹಿರಿಯ.

"ಸರ್, ಮೂರು ವರ್ಷ ನಾವು ಆಡೀವಿ. ಈಗ ನಮ್ಮ ಅನ್ನ ಒಯ್ದು ಆ ಹಮಾಲಿ ಕೈಯಾಗ ಕೊಡ್ತೀರೇನ್ರಿ?"

ಹಮಾಲಿ ನಾಲ್ಕು ಮಾರು ಆಚೆ ಹತ್ತಿಯ ಮೇಲೆ ಅಂಗಾತ ಮಲಗಿದ್ದ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಫೈನಲ್ಲಿನ ದಿನ ಮಾನ್ವಿಯ ಶಾಲೆಯ ಬಯಲಿಗೆ ಕಾಲಿಟ್ಟವನೇ ಮೊದಲು ಹಲಗೆ ನೋಡಿದೆ. ಐದು ಹಲಗೆಗಳಿರಲಿಲ್ಲ. ಅಂಗಳದ ಎರಡೂ ತುದಿಯಲ್ಲಿ ಬಿಳಿ ಬಣ್ಣ ಬಳಿದ, ಸಂದಿಲ್ಲದ, ಹೊಸ ದಪ್ಪ ಹಲಗೆ ನಿಂತಿತ್ತು. ನಮ್ಮ ಕ್ಯಾಪ್ಟನ್ ಒಂದು ಹೊಡೆತ ಹೊಡೆದು ನೋಡಿದ. ಚೆಂಡು ಅಂಗಳದ ಅರ್ಧಕ್ಕೆ ಹಾರಿತು.

ನಾನು ನೇರವಾಗಿ ಡ್ರಿಲ್ ಮಾಸ್ತರರ ಹತ್ತಿರ ಹೋದೆ.

"ನನಗ ಹಳೇ ಹಲಗಿ ಅಳತಿ ಕೊಟ್ಟು, ಇಲ್ಲಿ ಹೊಸಾದು ನಿಲ್ಲಿಸೀರಿ. ಇದು ನ್ಯಾಯ ಅದ ಏನ್ರಿ?"

ಅವರು ಜೇಬಿನಿಂದ ಸಮಿತಿಯ ಪತ್ರ ತೆಗೆದು ಕೈಗಿತ್ತರು. ಅದಕ್ಕೆ ನಮ್ಮ ಅರ್ಜಿಯ ಪ್ರತಿ ಲಗತ್ತಿಸಿದ್ದರು. ಮಾನ್ವಿಯ ಹಲಗೆ ದೋಷಪೂರಿತ, ಬದಲಿಸದಿದ್ದರೆ ರಾಯಚೂರು ತಂಡ ಆಡುವುದಿಲ್ಲ ಎಂದಿತ್ತು. ಕೆಳಗೆ ನನ್ನ ಸಹಿ.

"ಎಂಟು ದಿನದ ಹಿಂದ ಹುಕುಂ ಬಂತು," ಎಂದರು. "ನಮ್ಮ ಹುಡುಗ್ರಿಗೂ ಇದು ಹೊಸಾದಽ."

ಪತ್ರ ಮಡಚಿ ವಾಪಸು ಕೊಟ್ಟೆ. ಕ್ಷಮೆ ಕೇಳುವ ಸ್ಥಿತಿಯಲ್ಲೂ ನಾನಿರಲಿಲ್ಲ. ನಮ್ಮವರ ಹತ್ತಿರ ಹೋಗಿ, ತಪ್ಪು ಮಾನ್ವಿಯವರದಲ್ಲ, ನನ್ನದು ಎಂದಷ್ಟೇ ಹೇಳಿದೆ.

ಮೊದಲರ್ಧ ನೋಡುವಂತಿರಲಿಲ್ಲ. ತಿಂಗಳುಗಟ್ಟಲೆ ಕೈಗೆ ಕಲಿಸಿದ್ದನ್ನು ಒಂದು ಗಂಟೆಯಲ್ಲಿ ಮರೆಸಲಾಗದು. ನಮ್ಮವರು ಅಂಚಿಗೆ ಹೊಡೆಯುವುದು, ಚೆಂಡು ಸಿಡಿಯುವುದು, ಹಿರೇಕೊಟ್ನೆಕಲ್ಲಿನವನು ಅದನ್ನು ಹಿಡಿದು ಓಡುವುದು. ಎಂಟು ದಿನದಲ್ಲಿ ಅವರಿಗೆ ಹಲಗೆ ಪೂರ್ತಿ ಒಗ್ಗಿರಲಿಲ್ಲ, ಆದರೆ ನಮಗಿಂತ ಎಂಟು ದಿನ ಮುಂದಿದ್ದರು. ವಿರಾಮಕ್ಕೆ ಅವರದು ಮೂವತ್ತೊಂದು, ನಮ್ಮದು ಹತ್ತೊಂಬತ್ತು. ಹಮಾಲಿಯನ್ನು ನಾನು ಐದು ನಿಮಿಷವಷ್ಟೇ ಆಡಿಸಿದ್ದೆ. ಅವನೇ ಆರು ಅಂಕ ತಂದಿದ್ದ.

ವಿರಾಮದಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಕುಕ್ಕರಿಸಿದರು. ಮಾಡಬೇಕಾದ್ದು ನನಗೆ ಗೊತ್ತಿತ್ತು, ಹೇಳುವುದು ಕಷ್ಟವಿತ್ತು. ಹಲಗೆಯ ಹೊಡೆತವನ್ನು ಪೂರ್ತಿ ಬಿಡಬೇಕು. ಚೆಂಡೆಲ್ಲ ರಿಂಗಿನ ಕೆಳಗೆ ಹಮಾಲಿಗೆ ಹೋಗಬೇಕು. ಅದಕ್ಕೆ ಹಲಗೆಯನ್ನೇ ನಂಬಿದ ಕೈ ಅಂಗಳದಲ್ಲಿ ಇರಬಾರದು.

"ಈಗಿಂದ ಯಾರೂ ಹಲಗಿಗೆ ಹೊಡಿಬ್ಯಾಡ್ರಿ," ಎಂದೆ. ಕ್ಯಾಪ್ಟನ್ನನ ಕಡೆ ತಿರುಗಿದೆ. "ನೀ ಸ್ವಲ್ಪ ಕುಂದ್ರು."

ಅವನು ನೆಲ ನೋಡುತ್ತ ಕುಳಿತ. ಅವನ ಇಬ್ಬರು ಮಕ್ಕಳು, ಅವನ ಮೂರು ವರ್ಷ, ಎಲ್ಲ ಆ ಒಂದು ನಿಮಿಷದಲ್ಲಿ ನನ್ನ ತಲೆಯಲ್ಲೂ ಹಾದುಹೋದವು. ಆಮೇಲೆ ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ:

"ಕುಂದರ್ತೀನ್ರಿ. ಆದ್ರ ಅವ್ನಿಗೆ ಬಾಲ್ ಎತ್ತರಕ್ಕ ಕೊಡಾಕ ಹೇಳ್ರಿ. ಸೊಂಟದ ಕೆಳಗ ಕೊಟ್ರ ಬಗ್ತಾನ, ಬಗ್ಗಿದ್ರ ನಡದುಬಿಡ್ತಾನ."

ನಾನು ಗಮನಿಸದಿದ್ದುದನ್ನು ಅವನು ತಿಂಗಳಿಂದ ಗಮನಿಸಿದ್ದ.

ಎರಡನೆಯ ಅರ್ಧದಲ್ಲಿ ಚೆಂಡು ಎತ್ತರಕ್ಕೇ ಹೋಯಿತು. ಹಮಾಲಿ ಹಿಡಿದು, ತಿರುಗಿ, ರಿಂಗಿನೊಳಗೆ ಇಡುತ್ತಿದ್ದ. ತಡೆಯಲಾಗದೆ ಮಾನ್ವಿಯವರು ಅವನ ಕೈ ಎಳೆಯತೊಡಗಿದರು. ಪ್ರತಿ ಫೌಲಿಗೂ ಅವನಿಗೆ, ಯಾರೂ ಅಡ್ಡ ಬರದಂತೆ ಗೆರೆಯಲ್ಲಿ ನಿಂತು ಹೊಡೆಯುವ ಫ್ರೀ ಥ್ರೋ ಸಿಕ್ಕಿತು. ಮೊಣಕಾಲಿನ ನಡುವಿನಿಂದ ಮೊದಲ ಸಲ ಚೆಂಡು ತೂಗಿದಾಗ ಇಡೀ ಬಯಲು ನಕ್ಕಿತು. ನಾಲ್ಕನೆಯ ಸಲ ಯಾರೂ ನಗಲಿಲ್ಲ. ಅವನ ತಲೆಯ ಮೇಲೂ ಆಗ ನಾಲ್ಕು ಫೌಲುಗಳಿದ್ದವು. ಇನ್ನೊಂದಾದರೆ ಅವನು ಹೊರಗೆ. ಕೊನೆಯ ಏಳು ನಿಮಿಷ ಕೈ ಮೇಲೆತ್ತಿಕೊಂಡೇ ನಿಂತ, ಯಾರನ್ನೂ ಮುಟ್ಟಲಿಲ್ಲ.

ಒಂದು ನಿಮಿಷ ಉಳಿದಾಗ ನಾವು ಒಂದು ಅಂಕ ಹಿಂದೆ. ಮತ್ತೆ ಫೌಲ್, ಮತ್ತೆ ಎರಡು ಫ್ರೀ ಥ್ರೋ. ಎರಡೂ ಒಳಗೆ ಹೋದವು. ಐವತ್ತೆರಡು, ಐವತ್ತೊಂದು. ಹಿರೇಕೊಟ್ನೆಕಲ್ಲಿನವನು ತಿರುಗಿ ಬಂದು ಹೊಡೆದ ಚೆಂಡು ಅವರದೇ ಹೊಸ ಹಲಗೆಗೆ ಬಡಿದು ಸಿಡಿಯಿತು, ಹಮಾಲಿಯ ಕೈಗೆ ಬಂತು. ಉಳಿದದ್ದು ಇಪ್ಪತ್ತೈದು ಸೆಕೆಂಡು. ಮೂವತ್ತು ಸೆಕೆಂಡಿನೊಳಗೆ ಹೊಡೆಯಬೇಕೆಂಬ ನಿಯಮ ನಮ್ಮನ್ನು ಆಗ ಕಟ್ಟಿಹಾಕುವಂತಿರಲಿಲ್ಲ. ನಾನು ಟೈಮ್ ಔಟ್ ಕೇಳಿ ಕ್ಯಾಪ್ಟನ್ನನನ್ನು ಒಳಗೆ ಕಳಿಸಿದೆ. ಚೆಂಡು ನೆಲಕ್ಕೆ ಬಡಿಯುತ್ತ ಇಟ್ಟುಕೊಳ್ಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮೂರು ಜನ ಮುತ್ತಿದರು. ಅವನು ರಿಂಗಿನತ್ತ ಒಮ್ಮೆಯೂ ನೋಡಲಿಲ್ಲ. ಶಿಳ್ಳೆ ಬಿದ್ದಾಗ ಚೆಂಡು ಅವನ ಕೈಯಲ್ಲೇ ಇತ್ತು.

ಜನ ಅಂಗಳಕ್ಕೆ ನುಗ್ಗುವ ಮೊದಲು ಡ್ರಿಲ್ ಮಾಸ್ತರರು ಬಂದು ನನ್ನ ಕೈ ಹಿಡಿದರು. "ಚಲೋ ಆಡಿಸಿದ್ರಿ," ಎಂದರು. ಅಷ್ಟೇ ಹೇಳಿ ತಮ್ಮ ಹುಡುಗರ ಕಡೆಗೆ ನಡೆದರು.

ಮರುದಿನ ಮ್ಯಾನೇಜರ್ ಪೇಢೆ ಹಂಚಿದರು. ಖಾಯಂ ಮಾಡುವ ಪಟ್ಟಿ ಮೇಜಿನ ಮೇಲಿತ್ತು. ಏಳು ಹೆಸರು.

"ಎಂಟನೇದು?" ಎಂದೆ.

"ಅಂವ ಗುತ್ತಿಗೆದಾರನ ಮನುಷ್ಯ ಅಲ್ಲೇನ್ರಿ? ನಮ್ಮ ಹಾಜರ್ಯಾಗ ಅವನ ಹೆಸರಽ ಇಲ್ಲ."

"ಯಾರನ್ನಾರ ತಗೋರಿ, ಎಂಟು ಅಂತ ನೀವಽ ಹೇಳಿದ್ರಿ."

"ಹೇಳಿದ್ದೆ. ಬರದುಕೊಟ್ಟಿದ್ದೆನೇನು?"

ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನಿಜವಾಗಿಯೂ ಅದನ್ನೊಂದು ಸಮಾಧಾನದ ಉತ್ತರ ಎಂದೇ ತಿಳಿದಿದ್ದರು. ಏಳು ಅರ್ಜಿಗಳನ್ನು ಸಹಿಗಾಗಿ ತೆಗೆದುಕೊಂಡು ಹೊರಗೆ ಬಂದೆ. ಪ್ರೆಸ್ಸಿನ ಹತ್ತಿರ ಏಳೂ ಜನ ಕಾಯುತ್ತಿದ್ದರು. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಸಹಿ ಹಾಕಬೇಡಿ ಎನ್ನುವ ಹಕ್ಕು ನನಗಿರಲಿಲ್ಲ, ಹಾಗಾಗಿ ಹೇಳಲಿಲ್ಲ. ಕ್ಯಾಪ್ಟನ್ ತನ್ನ ಅರ್ಜಿಯನ್ನು ತೆಗೆದುಕೊಂಡು ಎರಡು ಸಲ ಓದಿದ. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟ.

"ಎಂಟಂದ್ರ ಎಂಟು. ಅದಾದ ಮ್ಯಾಲ ತಗೊಂಡು ಬರ್ರಿ."

ಉಳಿದ ಆರು ಜನ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಒಬ್ಬ ಬಹಳ ಹೊತ್ತು ತೆಗೆದುಕೊಂಡ. ಅವನ ಮೇಲೆ ನನಗೆ ಇವತ್ತಿಗೂ ಬೇಸರವಿಲ್ಲ.

ಸಹಿಯಿಲ್ಲದ ಏಳು ಅರ್ಜಿಗಳನ್ನು ಮ್ಯಾನೇಜರರ ಮುಂದಿಟ್ಟು, ಈ ಸಲ ಹೇಳಿಸಿಕೊಳ್ಳದೆ ಕುರ್ಚಿ ಎಳೆದು ಕುಳಿತೆ. ಅವರು ಬೈದರು. ನನ್ನ ಕೆಲಸವನ್ನೂ ನೆನಪಿಸಿದರು. ಗೊತ್ತದ್ರಿ ಎಂದೆ. ಎರಡು ಸಲ ಹೊರಗೆ ಹೋಗಿ ಬಂದರು, ನಾನು ಏಳಲಿಲ್ಲ. ಕೊನೆಗೆ ಮಾಲಕರಿಗೆ ಫೋನ್ ಮಾಡಿದರು. ಆ ಕಡೆಯಿಂದ ಏನು ಹೇಳಿದರೋ ಕೇಳಿಸಲಿಲ್ಲ. ಫೋನಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಟೈಪ್ ಮಾಡಿದ ಏಳು ಹೆಸರುಗಳ ಕೆಳಗೆ ಎಂಟನೆಯದನ್ನು ಕೈಯಿಂದ ಬರೆದರು. ಪಕ್ಕದಲ್ಲಿ ಸಹಿಯನ್ನೂ ಹಾಕಿಸಿಕೊಂಡೆ.

ಮಧ್ಯಾಹ್ನದ ಸೈರನ್ನಿನ ಹೊತ್ತಿಗೆ ಹಮಾಲಿಯನ್ನು ಹುಡುಕಿಕೊಂಡು ಅಂಗಳಕ್ಕೆ ಹೋದೆ. ಲಾರಿಯಿಂದ ಚೀಲ ಇಳಿಸುತ್ತಿದ್ದ. ಒಳಗೆ ನಡೆದದ್ದು ಅವನಿಗೆ ಯಾರೂ ಹೇಳಿರಲಿಲ್ಲ. ನಿನ್ನ ಹೆಸರು ಖಾಯಂ ಆಯಿತು ಎಂದೆ. ಹೆಗಲ ಮೇಲಿನ ಚೀಲವನ್ನು ಕೆಳಗಿಳಿಸಿ, ಅದರ ಮೇಲೆ ಕೈಯೂರಿ ನಿಂತ.

"ಇನ್ ಮ್ಯಾಲ ಸೋತ್ರ ತಗೀತಾರೇನ್ರಿ?"

"ಇಲ್ಲ. ಸೋತ್ರೂ ಹೆಸರು ಹಂಗಽ ಇರ್ತದ."

ಅವನು ಚೀಲವನ್ನು ಮತ್ತೆ ಹೆಗಲಿಗೇರಿಸಿದ.

"ಹಂಗಾರ ಸಂಜಿಕ ಬರ್ತೀನ್ರಿ," ಎಂದ. "ಒಂದೀಟು ಆಡೂಣು. ಇಷ್ಟು ದಿನ ನಾ ಆಡಿದ್ದಽ ಇಲ್ಲ."